ಕೈಗಂಟಿದ ಸಕ್ಕರೆ

ನರ್ಸಿಂಗ್ ಸ್ಕೂಲು ಆರಿಸುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಕೇಳಿದ್ದು ಪ್ರಿನ್ಸಿಪಾಲರನ್ನಲ್ಲ, ಆಫೀಸಿನವರನ್ನೂ ಅಲ್ಲ. ಕಾರಿಡಾರಿನಲ್ಲಿ ಎದುರಾದ ಎರಡನೇ ವರ್ಷದ ಹುಡುಗಿಯನ್ನು.

"ಅಕ್ಕ, ಇಲ್ಲೀತನಕ ನೀವು ಎಷ್ಟು ಇಂಜೆಕ್ಷನ್ ಕೊಟ್ಟಿದೀರ?"

ಮೊದಲು ಕೇಳಿದ್ದು ಘಟ್ಟದ ಕೆಳಗಿನ ಒಂದು ದೊಡ್ಡ ಕಾಲೇಜಿನಲ್ಲಿ. ಐದು ಮಹಡಿ, ಲಿಫ್ಟು, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ ಅಸ್ಥಿಪಂಜರ. ಆ ಹುಡುಗಿ ನಕ್ಕಳು. "ಒಂದು ಬೆಡ್ಡಿನ ಸುತ್ತ ನಾವು ಹದಿನೈದು ಜನ ನಿಲ್ತೇವೆ. ಹಿಂದೆ ನಿಂತವರಿಗೆ ಪೇಷೆಂಟಿನ ಕಾಲು ಮಾತ್ರ ಕಾಣುದು." ಎರಡನೇ ಸಲ ಕೇಳಿದ್ದು ಚಿಕ್ಕಮಗಳೂರಿನ ಒಂದು ಸಣ್ಣ ಸ್ಕೂಲಿನಲ್ಲಿ. ಅಲ್ಲಿ ಲಿಫ್ಟು ಇರಲಿಲ್ಲ, ಹತ್ತುವುದಕ್ಕೆ ಮಹಡಿಯೂ ಒಂದೇ. ಬಟ್ಟೆ ಒಣಹಾಕುತ್ತಿದ್ದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಲೆಕ್ಕ ಇಟ್ಟಿಲ್ಲ ಮಾರಾಯ್ತಿ. ಇವತ್ತು ಬೆಳಿಗ್ಗೆ ಆರು" ಎಂದಳು. ನನ್ನ ಮನಸ್ಸು ಅಲ್ಲೇ ನಿಂತಿತು. ಆದರೂ ಆಫೀಸಿಗೆ ಹೋಗಿ ಮಾನ್ಯತೆಯ ಪತ್ರ ತೋರಿಸಿ ಎಂದು ಕೇಳಿದೆ. ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. ಇಷ್ಟು ವರ್ಷದಲ್ಲಿ ಅದನ್ನು ಕೇಳಿದ ಮೊದಲ ಹುಡುಗಿ ನಾನೇ ಇರಬೇಕು. ಪತ್ರ ಸರಿಯಾಗಿತ್ತು, ಆ ವರ್ಷದ್ದೇ ಆಗಿತ್ತು.

ಮನೆಯಲ್ಲಿ ಮಾವ ಕುಣಿದಾಡಿದ. "ಇಲ್ಲೇ ಓದಿದ್ರೆ ಯಾರು ಕೆಲ್ಸ ಕೊಡ್ತಾರೆ? ದೊಡ್ಡ ಊರಲ್ಲಿ ಓದು, ಫಾರಿನ್ನಿಗೆ ಹೋಗ್ಬೋದು." ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನಮ್ಮ ಮಾವನನ್ನು ನೋಡಿಯೇ ಹುಟ್ಟಿರಬೇಕು. ಅಮ್ಮ ಮೂಡಿಗೆರೆ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಕುಯ್ಯುವವಳು. ಅವಳು ಕೇಳಿದ್ದು ಬೇರೆಯೇ. "ಶನಿವಾರ ಬಸ್ ಹತ್ತಿದ್ರೆ ಸಂಜೆ ಮನೆಗೆ ಬರ್ಬೋದಾ?" ಬರಬಹುದು ಎಂದೆ. "ಹಂಗಾರೆ ಅಲ್ಲೇ ಸೇರು. ಮಾವ ಬೇಕಾದ್ರೆ ಫಾರಿನ್ನಿಗೆ ಹೋಗ್ಲಿ."

ಸೇರಿದೆ, ಓದಿದೆ, ಪಾಸಾದೆ. ಕಳಸದ ಕಡೆಯ ಇಪ್ಪತ್ತು ಹಾಸಿಗೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಆರು ತಿಂಗಳ ಪ್ರೊಬೇಷನ್ ಮೇಲೆ. ಅಲ್ಲಿ ಒಬ್ಬರು ಡಾಕ್ಟರಮ್ಮ, ಒಬ್ಬರು ದೊಡ್ಡ ಸಿಸ್ಟರ್, ಲ್ಯಾಬಿಗೆ ಒಬ್ಬರು, ನಾವು ಮೂರು ಜನ ಕಿರಿಯ ನರ್ಸುಗಳು. ನಾನು ಹೇಳಬೇಕೆಂದಿರುವುದು ಆ ಪ್ರೊಬೇಷನ್ನಿನ ಮೂರನೇ ತಿಂಗಳ ಕಥೆ. ಅದನ್ನು ನೆನೆದರೆ ಈಗಲೂ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ನಗು ಬರುತ್ತದೆ.

ಅದು ಕುಯ್ಲಿನ ಕಾಲ. ಹಣ್ಣು ಕುಯ್ಯುವ ದಿನಗಳಲ್ಲಿ ಎಸ್ಟೇಟಿನವರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಜ್ವರ ಬಂದರೂ ಮೆಣಸಿನ ಕಷಾಯ ಕುಡಿದು ಚೀಲ ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಾರೆ. ಅದಕ್ಕೆ ಡಾಕ್ಟರಮ್ಮ, ಅವರು ಬಾರದಿದ್ದರೆ ನಾವೇ ಹೋಗೋಣ ಎಂದು ಹತ್ತಿರದ ಒಂದು ಎಸ್ಟೇಟಿನ ಮ್ಯಾನೇಜರ್ ಜೊತೆ ಮಾತಾಡಿದರು. ಸಂಜೆ ಎಲ್ಲರೂ ಹಣ್ಣು ತೂಕ ಹಾಕಿಸಲು ಕಣಕ್ಕೆ ಬಂದೇ ಬರುತ್ತಾರೆ. ಅಲ್ಲೇ ಒಂದು ಮೇಜು ಹಾಕಿ ಬಿ.ಪಿ., ಶುಗರ್ ನೋಡುವುದು ಎಂದು ತೀರ್ಮಾನವಾಯಿತು. ದೊಡ್ಡ ಸಿಸ್ಟರಿಗೆ ಡ್ಯೂಟಿ ಇತ್ತು. "ನೀನು ಎಸ್ಟೇಟಿನ ಹುಡ್ಗಿ ಅಲ್ವಾ, ನೀನೇ ಹೋಗು" ಎಂದು ನನ್ನನ್ನು ಕಳಿಸಿದರು. ಒಬ್ಬಳೇ ನಡೆಸುವ ಮೊದಲ ಕ್ಯಾಂಪು. ಸಮವಸ್ತ್ರಕ್ಕೆ ಎರಡು ಸಲ ಇಸ್ತ್ರಿ ಹಾಕಿದೆ.

ಕಣದಲ್ಲಿ ಹೆಂಗಸರು ಟಾರ್ಪಾಲಿನ ಮೇಲೆ ಹಣ್ಣು ಸುರಿದುಕೊಂಡು ಕಾಯಿ, ಎಲೆ, ಕಡ್ಡಿ ಆರಿಸುತ್ತಿದ್ದರು. ಆರಿಸಿ ಆದವರು ತೂಕ ಹಾಕಿಸಿ ನನ್ನ ಮೇಜಿಗೆ ಬರಬೇಕು. ಸಾಲು ನಿಲ್ಲಿಸುತ್ತಿದ್ದವರು ಮೇಸ್ತ್ರಿ, ಅಂದರೆ ಆಳುಗಳ ಉಸ್ತುವಾರಿಯವರು. ಐವತ್ತು ದಾಟಿದ ಮನುಷ್ಯ. ಕೈಯಲ್ಲಿ ಕೋಲು, ಕೊರಳಲ್ಲಿ ಸೀಟಿ, ಕಾಲಿಗೆ ಕ್ಯಾನ್ವಾಸ್ ಶೂ. ಅವರು ಸೀಟಿ ಊದಿದರೆ ಹಕ್ಕಿಯೂ ಸಾಲಾಗಿ ಕೂರಬೇಕು, ಅಂಥ ಗತ್ತು. "ತಳ್ಳಾಡ್ಬೇಡ್ರಿ. ಮಗು ಒಂದೇ ಇದೆ, ಹೆದ್ರತದೆ" ಎಂದು ನನ್ನನ್ನು ಎಲ್ಲರಿಗೂ ಪರಿಚಯ ಮಾಡಿಸಿದರು.

ನಾನು ಕಲಿತದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದೆ. ಬೆರಳಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವುದು, ಒಣಗಲು ಬಿಡುವುದು, ಬೆರಳಿನ ಪಕ್ಕಕ್ಕೆ ಸೂಜಿ ಚುಚ್ಚುವುದು, ಬಂದ ಹನಿಯನ್ನು ಸ್ಟ್ರಿಪ್ಪಿಗೆ ಮುಟ್ಟಿಸುವುದು. ಐದು ಸೆಕೆಂಡಿಗೆ ಮಿಷನ್ನಿನಲ್ಲಿ ಸಂಖ್ಯೆ ಬರುತ್ತದೆ. ಊಟ ತಿಂಡಿ ಯಾವಾಗ ಮಾಡಿದ್ದರೂ ಇನ್ನೂರರೊಳಗೆ ಇದ್ದರೆ ಸದ್ಯಕ್ಕೆ ಹೆದರಬೇಕಾಗಿಲ್ಲ. ಅದಕ್ಕಿಂತ ಮೇಲೆ ಹೋದರೆ ಸಕ್ಕರೆ ಕಾಯಿಲೆಯ ಅನುಮಾನ.

ಮೊದಲು ಬಂದವರು ತೂಕದ ಕೆಲಸದ ಮೂವರು, ಅವರದ್ದು ನೂರರ ಆಸುಪಾಸು. ನಾಲ್ಕನೆಯವಳು ತಲೆಗೆ ಕೆಂಪು ವಸ್ತ್ರ ಕಟ್ಟಿಕೊಂಡಿದ್ದ, ಬಾಯಿ ಜೋರಿನ ಒಬ್ಬ ಅಕ್ಕ. ಅವಳದ್ದು ಮುನ್ನೂರ ಎಂಬತ್ತು! ಆಮೇಲೆ ಒಬ್ಬರದ್ದು ಇನ್ನೂರ ಎಪ್ಪತ್ತು, ಇನ್ನೊಬ್ಬರದ್ದು ನಾನೂರು. ಕೊನೆಗೆ ಮೇಸ್ತ್ರಿಯೂ ಕೋಲು ಕಂಕುಳಲ್ಲಿ ಇಟ್ಟುಕೊಂಡು ಬೆರಳು ಚಾಚಿದರು. ಮುನ್ನೂರ ಹದಿನೆಂಟು. ಒಟ್ಟು ಹನ್ನೆರಡು ಜನ ಇನ್ನೂರರ ಮೇಲೆ. ನಿಜ ಹೇಳುತ್ತೇನೆ, ನನಗೆ ಭಯದ ಜೊತೆಗೆ ಒಂಥರಾ ಹೆಮ್ಮೆಯೂ ಆಯಿತು. ನಾನು ಬಾರದಿದ್ದರೆ ಇಷ್ಟು ಜನರ ಕಾಯಿಲೆ ಗೊತ್ತೇ ಆಗುತ್ತಿರಲಿಲ್ಲವಲ್ಲ ಎಂದು. ಹನ್ನೆರಡು ಚೀಟಿ ಬರೆದು, ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಬರಬೇಕು, ತಡ ಮಾಡಿದರೆ ಅಪಾಯ ಎಂದು ದೊಡ್ಡ ಗಂಟಲಿನಲ್ಲಿ ಹೇಳಿದೆ. ಇಬ್ಬರು ಅಳಲು ಶುರು ಮಾಡಿದರು.

ಮಾರನೆಯ ದಿನ ಜೀಪಿನಲ್ಲಿ ಹನ್ನೊಂದು ಜನ ಬಂದಿಳಿದರು. ಮೇಸ್ತ್ರಿ ಬರಲಿಲ್ಲ. "ನಾನೂ ಬಂದ್ರೆ ಕುಯ್ಲು ನೋಡೋರ್ಯಾರು" ಎಂದು ಹೇಳಿ ಕಳಿಸಿದ್ದರು. ಬರೀ ಹೊಟ್ಟೆಯಲ್ಲಿ ಒಮ್ಮೆ, ತಿಂಡಿ ತಿಂದ ಮೇಲೆ ಒಮ್ಮೆ, ತೋಳಿನ ನರದಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನವರು ಕಾಗದ ತಂದು ಡಾಕ್ಟರಮ್ಮನ ಮುಂದೆ ಇಟ್ಟರು. ಹನ್ನೊಂದಕ್ಕೆ ಹನ್ನೊಂದೂ ನಾರ್ಮಲ್.

ಡಾಕ್ಟರಮ್ಮ ಬಯ್ಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಬಾಯಾರಿಕೆ ಜಾಸ್ತಿ ಇದ್ಯಾ, ಪದೇ ಪದೇ ಮೂತ್ರಕ್ಕೆ ಹೋಗ್ತೀರಾ ಅಂತ ಇವ್ರನ್ನ ಕೇಳಿದ್ರಾ?" ಎಂದರು. ಕೇಳಿರಲಿಲ್ಲ. "ನಂಬರಿಗೆ ಮದ್ದು ಕೊಡೋದಲ್ಲ, ಮನುಷ್ಯರಿಗೆ ಕೊಡೋದು" ಎಂದಷ್ಟೇ ಹೇಳಿ ಮುಂದಿನ ಪೇಷೆಂಟನ್ನು ಕರೆದರು.

ಹೊರಗೆ ಕೆಂಪು ವಸ್ತ್ರದ ಅಕ್ಕ ಆಸ್ಪತ್ರೆಯ ಜಗಲಿಯಲ್ಲಿ ನಿಂತು, "ನಿನ್ನೆ ಹೆದ್ರಿಕೆಗೆ ಉಂಡಿಲ್ಲ, ನಿದ್ದೆ ಮಾಡಿಲ್ಲ. ಇವತ್ತಿನ ಕುಯ್ಲೂ ಹೋಯ್ತು. ಎಂತ ಮಿಷನ್ ತಂದಿದ್ಯೇ ಮಾರಾಯ್ತಿ, ನಮ್ಮ ಮನೆ ಗಡಿಯಾರ ಇದಕ್ಕಿಂತ ವಾಸಿ" ಎಂದಳು. ಎಲ್ಲರೂ ನಕ್ಕರು. ಹುಷಾರಿಲ್ಲ ಎಂದು ಬಂದಿದ್ದವರೂ ನಕ್ಕರು. ಮ್ಯಾನೇಜರ್ ಫೋನು ಮಾಡಿ, ಇನ್ನು ಕುಯ್ಲು ಮುಗಿಯುವವರೆಗೆ ಕ್ಯಾಂಪು ಗೀಂಪು ಬೇಡ ಎಂದರು. ಒಂದು ವಾರ ನಾನು ಆಸ್ಪತ್ರೆಯ ಹಿಂಬಾಗಿಲಿನಿಂದಲೇ ಓಡಾಡಿದೆ.

ದೊಡ್ಡ ಸಿಸ್ಟರ್ ಮಿಷನ್ನನ್ನೇ ಅನುಮಾನಿಸಿದರು. ಅದನ್ನು ಪರೀಕ್ಷಿಸಲು ಕಂಪನಿಯವರು ಕೊಡುವ ಒಂದು ದ್ರವ ಇರುತ್ತದೆ. ಒಂದು ಹನಿ ಹಾಕಿದರೆ ಬಾಟಲಿಯ ಮೇಲೆ ಬರೆದ ಅಳತೆಯೊಳಗೆ ಸಂಖ್ಯೆ ಬರಬೇಕು. ಬಂತು. ಸ್ಟ್ರಿಪ್ಪಿನ ಅವಧಿ ಮುಗಿದಿರಲಿಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ವಾರ್ಡಿನ ಪೇಷೆಂಟುಗಳಲ್ಲಿ ನೋಡಿದರೆ ಲ್ಯಾಬಿಗೂ ಇದಕ್ಕೂ ಹತ್ತು ಹದಿನೈದರ ವ್ಯತ್ಯಾಸ, ಅಷ್ಟೇ. "ಮಿಷನ್ ಸರಿ ಇದೆ ಕಣೇ" ಎಂದು ಸಿಸ್ಟರ್ ನನ್ನ ಮುಖ ನೋಡಿದರು. ಮಿಷನ್ ಸರಿ ಇದ್ದರೆ ಸರಿ ಇಲ್ಲದ್ದು ಯಾರು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ನನಗೆ ಹಟ ಜಾಸ್ತಿ. ವಾರದ ರಜೆಗೆ ಊರಿಗೆ ಹೊರಟಾಗ ಸಿಸ್ಟರನ್ನು ಕಾಡಿ ಬೇಡಿ ಆ ಮಿಷನ್ನನ್ನೂ ಎಂಟು ಸ್ಟ್ರಿಪ್ಪನ್ನೂ ತೆಗೆದುಕೊಂಡು ಬಂದೆ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಬೆರಳು ಚುಚ್ಚಿಕೊಂಡೆ, ಎಂಬತ್ತೆಂಟು. ಅಮ್ಮನಿಗೆ ಚುಚ್ಚಿದೆ, ತೊಂಬತ್ತೆರಡು. ಏನೂ ತಿಳಿಯಲಿಲ್ಲ. ಸಂಜೆ ಕೆಲಸದಿಂದ ಬಂದ ಮೇಲೆ ಇನ್ನೊಮ್ಮೆ ನೋಡೋಣ ಎಂದುಕೊಂಡು ಅಮ್ಮನಿಗಾಗಿ ಕಾದೆ.

ಅಮ್ಮ ಐದೂವರೆಗೆ ಬಂದಳು. ಸೀರೆಯ ಮೇಲೆ ಅಪ್ಪನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವೆಲು. ನಾನು ಸೂಜಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ಇರು ಇರು, ಮೊದ್ಲು ಕೈ ತೊಳ್ಕಂಡು ಬರ್ತೀನಿ. ಈ ಕೈಯಲ್ಲಿ ಏನ್ ಮುಟ್ಟಿದ್ರೂ ಇರುವೆ ಮುತ್ತದೆ. ನಿನ್ನೆ ಬಾಗ್ಲ ಚಿಲಕಕ್ಕೂ ಸಾಲಿಟ್ಟಿದ್ವು."

ನಾನು ಕಿರುಚಿದೆ. "ಅಮ್ಮಾ, ತೊಳೀಬೇಡ! ಅಲ್ಲೇ ನಿಲ್ಲು!"

"ಏನೇ? ಹಾವಾ?" ಅಮ್ಮ ಒಂದು ಕಾಲು ಎತ್ತಿಕೊಂಡೇ ನಿಂತಳು.

ಹಾವಲ್ಲ, ಇರುವೆ. ಕಾಫಿ ಹಣ್ಣಿನ ಸಿಪ್ಪೆಯ ಒಳಗೆ, ಬೀಜದ ಮೇಲೆ, ಒಂದು ಅಂಟು ಇರುತ್ತದೆ. ಸಿಹಿ. ಚಿಕ್ಕವರಿದ್ದಾಗ ನಾವೆಲ್ಲ ಗಿಡದಿಂದ ಕಿತ್ತು ಚೀಪುತ್ತಿದ್ದೆವು. ಕುಯ್ಯುವಾಗ, ಆರಿಸುವಾಗ ಹಣ್ಣು ಒಡೆದು ಆ ರಸ ಬೆರಳಿಗೆಲ್ಲ ಅಂಟುತ್ತದೆ, ಒಣಗುತ್ತದೆ, ಮತ್ತೆ ಅಂಟುತ್ತದೆ. ಕಾಫಿ ತೋಟದ ನಡುವೆಯೇ ಹುಟ್ಟಿ ಬೆಳೆದ ನನಗೆ ಅದು ಹೊಳೆದಿರಲಿಲ್ಲ! ಮಿಷನ್ನಿಗೆ ಬೇಕಾದದ್ದು ಸಾಸಿವೆ ಕಾಳಿಗಿಂತ ಚಿಕ್ಕ ರಕ್ತದ ಹನಿ. ಅಷ್ಟು ಸಣ್ಣ ಹನಿಗೆ ಚರ್ಮದ ಮೇಲಿನ ಸಕ್ಕರೆ ಬೆರೆತರೆ ಸಂಖ್ಯೆ ಏರದೆ ಏನಾಗುತ್ತದೆ?

ಅಮ್ಮನನ್ನು ಜಗಲಿಯಲ್ಲಿ ಕೂರಿಸಿ ಬಲಗೈ ಬೆರಳನ್ನು ಸ್ಪಿರಿಟ್ಟಿನಿಂದ ಒರೆಸಿದೆ, ಕ್ಯಾಂಪಿನಲ್ಲಿ ಮಾಡಿದ ಹಾಗೆಯೇ. ಚುಚ್ಚಿದೆ. ಮುನ್ನೂರ ನಲವತ್ತನಾಲ್ಕು. ಎಡಗೈಯನ್ನು ಸೋಪು ಹಾಕಿ ತೊಳೆಸಿ, ಒರೆಸಿ, ಚುಚ್ಚಿದೆ. ತೊಂಬತ್ತಾರು.

"ಒಂದೊಂದ್ ಕೈಲಿ ಒಂದೊಂದ್ ರಕ್ತವಾ?" ಎಂದಳು ಅಮ್ಮ.

ಬಲಗೈಯನ್ನೂ ತೊಳೆಸಿ ಇನ್ನೊಮ್ಮೆ ನೋಡಿದೆ. ತೊಂಬತ್ತೇಳು. ನಾನು ಅಮ್ಮನ ಎರಡೂ ಕೈ ಹಿಡಿದು ಜಗಲಿಯ ಮೇಲೆ ಕುಣಿದೆ. ಮೊದಲು ಕೈ ತೊಳೆಸಿ ಎಂದು ನಮ್ಮ ಟ್ಯೂಟರ್ ಹೇಳಿದ್ದು ಆಗ ನೆನಪಾಯಿತು. ಪುಸ್ತಕದಲ್ಲೂ ಇತ್ತು. ಆದರೆ ವಾರ್ಡಿನಲ್ಲಿ ಮಲಗಿದವರ ಕೈಯಲ್ಲಿ ಹಣ್ಣಿನ ಅಂಟು ಎಲ್ಲಿಂದ ಬರಬೇಕು? ಸ್ಪಿರಿಟ್ ಹತ್ತಿಯೇ ನಮಗೆ ಅಭ್ಯಾಸವಾಗಿಬಿಟ್ಟಿತ್ತು. ಸ್ಪಿರಿಟ್ ಕ್ರಿಮಿಯನ್ನು ಕೊಲ್ಲುತ್ತದೆ ನಿಜ, ಸಕ್ಕರೆಯನ್ನು ತೊಳೆಯುವುದಿಲ್ಲ.

ಕಾಫಿ ಕುಡಿಯುತ್ತಾ ಅಮ್ಮನಿಗೆ ಕ್ಯಾಂಪಿನ ಕಥೆಯನ್ನು ಪೂರ್ತಿ ಹೇಳಿದೆ. ಅಷ್ಟು ದಿನ ನಾಚಿಕೆಯಿಂದ ಹೇಳಿರಲಿಲ್ಲ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಂತೂ ಹನ್ನೆರಡೂ ಜನಕ್ಕೆ ಏನಿಲ್ಲ ಅನ್ನು."

"ಹನ್ನೊಂದು ಜನಕ್ಕಮ್ಮ. ಮೇಸ್ತ್ರಿ ಬರ್ಲೇ ಇಲ್ಲ. ಅವ್ರದ್ದೂ ಹಂಗೇ ಇರುತ್ತೆ ಬಿಡು."

ಅಮ್ಮ ಲೋಟ ಕೆಳಗಿಟ್ಟಳು. "ಮೇಸ್ತ್ರಿ ಎಲ್ಲಾದ್ರೂ ಹಣ್ಣು ಕುಯ್ತಾರೇನೇ?"

ನನ್ನ ನಗು ಅಲ್ಲಿಗೇ ನಿಂತಿತು. ಮೇಸ್ತ್ರಿ ಹಣ್ಣು ಕುಯ್ಯುವುದಿಲ್ಲ, ಆರಿಸುವುದೂ ಇಲ್ಲ. ಕೋಲು ಹಿಡಿದು ನಿಲ್ಲುತ್ತಾರೆ. ಅವರ ಬೆರಳಿಗೆ ಅಂಟು ತಾಗುವ ಪ್ರಸಂಗವೇ ಇಲ್ಲ. ಆ ದಿನ ನಾನು ಬರೆದ ಹನ್ನೆರಡು ಸಂಖ್ಯೆಗಳಲ್ಲಿ ಅವರದ್ದೊಂದು ಮಾತ್ರ ಸಾಚಾ. ಒಂದು ಗಂಟೆಯಲ್ಲಿ ಅವರು ಎರಡು ಬಾಟಲಿ ನೀರು ಕುಡಿದದ್ದು, ಎರಡು ಸಲ ಸಾಲು ಬಿಟ್ಟು ಗೋಡೌನಿನ ಹಿಂದೆ ಹೋಗಿ ಬಂದದ್ದು ಎಲ್ಲ ಕಣ್ಣ ಮುಂದೆ ಬಂತು. ಮುನ್ನೂರ ಹದಿನೆಂಟು ಇಟ್ಟುಕೊಂಡು ಆ ಮನುಷ್ಯ ತನಗೇನೂ ಇಲ್ಲವೆಂದು ನಂಬಿ ಇಳಿಜಾರು ಹತ್ತಿ ಇಳಿಯುತ್ತಿದ್ದರು. ಅವರಿಗೆ ಆ ನಂಬಿಕೆ ಬರಲು ನಾನೇ ಕಾರಣ.

ಮಾರನೆಯ ಬೆಳಿಗ್ಗೆ ಡ್ಯೂಟಿಗೆ ಬಂದವಳೇ ಎಸ್ಟೇಟಿಗೆ ಫೋನು ಮಾಡಿದೆ. ಮ್ಯಾನೇಜರ್ ಬೇಸರದಿಂದಲೇ ಮೇಸ್ತ್ರಿಯ ಕೈಗೆ ಫೋನು ಕೊಟ್ಟರು. ನಾನು ಅಂಟು, ಸ್ಪಿರಿಟ್ಟು ಎಂದು ವಿವರಿಸತೊಡಗಿದೆ. ಅವರು ಅರ್ಧಕ್ಕೇ ತಡೆದರು. "ನಂಗೆಂತ ಆಗಿಲ್ಲ ಮಗು. ನಿಮ್ಮ ಮಿಷನ್ನಿಗೇ ಮೊದ್ಲು ಮದ್ದು ಕೊಡಿ." ಹಿಂದೆ ಯಾರೋ ನಕ್ಕದ್ದು ಕೇಳಿಸಿತು. ಫೋನು ಕಟ್ಟಾಯಿತು.

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು, ಅಮ್ಮನ ಎರಡೂ ಕೈಯ ಸಂಖ್ಯೆಗಳನ್ನು ಬರೆದುಕೊಂಡರು. ಆಮೇಲೆ, "ನೀವು ಕರೆದಿದೀರ, ಅವ್ರು ಬರಲ್ಲ ಅಂದಿದಾರೆ. ರಿಜಿಸ್ಟರಲ್ಲಿ ಹಾಗೇ ಬರೆದಿಟ್ರೆ ನಿಯಮದ ಪ್ರಕಾರ ನಿಮ್ಮ ಕೆಲ್ಸ ಮುಗೀತು. ಏನ್ ಮಾಡ್ತೀರ?" ಎಂದರು.

ಬರೆದಿಡಬಹುದಿತ್ತು. ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ಆ ಮೇಸ್ತ್ರಿ ನನ್ನ ಮಾತು ನಂಬಬೇಕಾದರೆ ಮೊದಲು ಆ ಕಣದಲ್ಲಿರುವ ಎಲ್ಲರೂ ನಂಬಬೇಕು. ಎಲ್ಲರೂ ನಂಬಬೇಕಾದರೆ ನಾನು ಅಲ್ಲೇ ನಿಂತು ತಪ್ಪು ನನ್ನದು ಎಂದು ಹೇಳಬೇಕು. ಮತ್ತೆ ನಗುತ್ತಾರೆ. ನಗಲಿ.

"ಸಂಜೆ ಡ್ಯೂಟಿ ಮುಗಿದ ಮೇಲೆ ಹೋಗ್ಬರ್ತೀನಿ ಮೇಡಮ್."

"ಹೋಗಿ. ಆದ್ರೆ ಸ್ಟ್ರಿಪ್ಪು ಆರು ಮಾತ್ರ ಇದಾವೆ. ಯೋಚ್ನೆ ಮಾಡಿ ಚುಚ್ಚಿ." ಅವರೇ ಮ್ಯಾನೇಜರಿಗೆ ಫೋನು ಮಾಡಿ ಹತ್ತು ನಿಮಿಷದ ಸಮಯ ಕೇಳಿಕೊಂಡರು. ಹತ್ತೇ ನಿಮಿಷ, ಅದೂ ತೂಕ ಮುಗಿದ ಮೇಲೆ ಎಂದರಂತೆ.

ಜೀಪಿನಲ್ಲಿ ಒಂದು ಬಕೆಟ್ಟು, ಎರಡು ಸೋಪು, ಆಸ್ಪತ್ರೆಯ ನಾಲ್ಕು ಟವೆಲ್ಲು ಇಟ್ಟುಕೊಂಡು ಹೋದೆ. ಇಳಿಯುವಾಗಲೇ ಕೆಂಪು ವಸ್ತ್ರದ ಅಕ್ಕ ಕೂಗಿದಳು, "ಬಂತ್ರೇ ಗಡಿಯಾರ!" ನಾನು ತೂಕದ ತಕ್ಕಡಿಯ ಪಕ್ಕದ ಕಟ್ಟೆ ಹತ್ತಿ ನಿಂತೆ.

"ಅವತ್ತು ತಪ್ಪಾಗಿದ್ದು ಮಿಷನ್ನಿಂದಲ್ಲ, ನನ್ನಿಂದ. ನಿಮ್ಮ ಕೈ ತೊಳೆಸ್ದೆ ಚುಚ್ಚಿದೆ. ಹಣ್ಣಿನ ಅಂಟನ್ನ ಮಿಷನ್ನು ರಕ್ತದ ಸಕ್ಕರೆ ಅಂತ ತೋರಿಸ್ತು. ನಿಮ್ಗೆ ಒಂದ್ ದಿನದ ಕುಯ್ಲು ಹಾಳಾಯ್ತು, ನಿದ್ದೆ ಹಾಳಾಯ್ತು. ಕ್ಷಮಿಸ್ಬೇಕು. ನಂಬಿಕೆ ಇಲ್ದೆ ಇದ್ರೆ ಈಗ್ಲೇ ನೋಡಿ. ಯಾರಾದ್ರೂ ಒಬ್ರು ಬನ್ನಿ."

ಯಾರೂ ಕದಲಲಿಲ್ಲ. ಕೊನೆಗೆ ಅದೇ ಅಕ್ಕ ಸೊಂಟಕ್ಕೆ ಕೈ ಒರೆಸಿಕೊಳ್ಳುತ್ತಾ ಎದ್ದಳು. "ಒರ್ಸ್ಬೇಡಿ ಅಕ್ಕ, ಹಂಗೇ ಬನ್ನಿ" ಎಂದೆ. ಅಂಟಿನ ಕೈಗೆ ಚುಚ್ಚಿದೆ. ಮಿಷನ್ನನ್ನು ಅವಳ ಕೈಗೇ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು, "ಮುನ್ನೂರ ಅರವತ್ತೆರಡು!" ಬಕೆಟ್ಟಿನಲ್ಲಿ ಸೋಪು ಹಚ್ಚಿ ತೊಳೆಸಿದೆ, ಒರೆಸಿದೆ, ಅದೇ ಬೆರಳ ಪಕ್ಕದ ಬೆರಳಿಗೆ ಚುಚ್ಚಿದೆ. ಅವಳು ಮಿಷನ್ನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ನೂರಾ ಒಂದು" ಎಂದಳು. ಆಮೇಲೆ ಟಾರ್ಪಾಲಿನ ಕಡೆ ತಿರುಗಿ, "ಕೇಳಿದ್ರೇನ್ರೇ? ಸಕ್ಕರೆ ಕಾಯ್ಲೆ ನಂಗಲ್ಲ, ನನ್ನ ಬೆರಳಿಗೆ!" ಎಂದು ಕೂಗಿದಳು. ಕಣದ ತುಂಬ ನಗು. ಈ ಸಲ ನಾನೂ ಅವರ ಜೊತೆ ಸೇರಿ ನಕ್ಕೆ.

ನಗು ಇಳಿಯುವವರೆಗೆ ಕಾದು ಮೇಸ್ತ್ರಿಯ ಕಡೆ ನೋಡಿದೆ. ಅವರು ಕಂಬಕ್ಕೆ ಒರಗಿ ನಿಂತಿದ್ದರು. ಎಡಗಾಲನ್ನು ನೆಲಕ್ಕೆ ಪೂರ್ತಿ ಊರಿರಲಿಲ್ಲ. ಕರೆಯುವ ಮೊದಲೇ ಬಂದರು. ಸೋಪು ತೆಗೆದುಕೊಂಡು ಮೊಣಕೈವರೆಗೆ ತೊಳೆದರು, ಉಗುರಿನ ಸಂದಿಯನ್ನೂ ಬಿಡಲಿಲ್ಲ. ಬೆರಳು ಚಾಚಿದರು.

ಮುನ್ನೂರ ನಲವತ್ತೊಂದು.

ಅವರು ಸಂಖ್ಯೆ ನೋಡಿದರು, ನನ್ನನ್ನು ನೋಡಿದರು. "ಇನ್ನೊಂದ್ ಸಲ ತೊಳೀತೀನಿ" ಎಂದರು. ಬಕೆಟ್ಟಿನ ನೀರು ಚೆಲ್ಲಿ ಹೊಸ ನೀರು ತರಿಸಿ ತೊಳೆದರು. ಮುನ್ನೂರ ಮೂವತ್ತೆಂಟು. ಯಾರೂ ನಗಲಿಲ್ಲ. ಅವರ ಮುಖ ನೋಡಲು ನನಗೆ ಸಂಕಟವಾಯಿತು.

"ಕಾಲಿಗೆ ಏನಾಗಿದೆ ಮೇಸ್ತ್ರೇ?"

"ಎಂತಿಲ್ಲ. ಮುಳ್ಳು ತಾಗಿತ್ತು. ಕಾಫಿ ಪುಡಿ ಹಾಕಿದೀನಿ, ಆರ್ತದೆ."

"ಎಷ್ಟ್ ದಿನ ಆಯ್ತು?"

ಉತ್ತರ ಹೇಳಿದ್ದು ಕೆಂಪು ವಸ್ತ್ರದ ಅಕ್ಕ. "ಕುಯ್ಲು ಶುರುವಾದಾಗಿಂದ ಕುಂಟ್ತಿದಾರೆ. ತಿಂಗ್ಳ ಮೇಲಾಯ್ತು."

ನಾಳೆಯೇ ಆಸ್ಪತ್ರೆಗೆ ಬರಬೇಕು ಎಂದೆ. ಈ ಸಲ ದೊಡ್ಡ ಗಂಟಲಿನಲ್ಲಿ ಹೇಳಲಿಲ್ಲ. ಅವರು ಅಭ್ಯಾಸಬಲದಿಂದ, "ನಾನ್ ಬಂದ್ರೆ ಇಲ್ಲಿ..." ಎಂದು ಶುರು ಮಾಡಿದರು. ಅಕ್ಕ ಬಿಡಲಿಲ್ಲ. "ಏನಿಲ್ದೇ ಇರೋ ನಾವೇ ಒಂದಿನ ಕುಯ್ಲು ಬಿಟ್ಟು ಹೋಗ್ಬಂದ್ವಿ. ನಿಮ್ಗೆ ಇದೆ, ನೀವು ಹೋಗಲ್ವಾ? ನಾಳೆ ನಮ್ಮನ್ನ ನಾವೇ ನೋಡ್ಕತೀವಿ. ಸೀಟಿ ಬೇಕಾದ್ರೆ ಇಲ್ಲೇ ಬಿಟ್ಟೋಗಿ, ಊದ್ತೀನಿ." ಮೇಸ್ತ್ರಿ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡರು. ಆದರೆ ಬರುತ್ತೇನೆ ಎಂದು ತಲೆ ಆಡಿಸಿದರು.

ಬಂದರು. ಶೂ ಬಿಚ್ಚಿದಾಗ ದೊಡ್ಡ ಸಿಸ್ಟರ್ ನನ್ನ ಕೈ ಅದುಮಿದರು. ಎಡ ಹಿಮ್ಮಡಿಯ ಅಡಿಯಲ್ಲಿ ಕಾಫಿ ಪುಡಿ ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಸಲೈನ್ ಹಾಕಿ ನೆನೆಸಿ ನೆನೆಸಿ ತೆಗೆದರೆ ಒಳಗೆ ಗಾಯ ಬಾಯಿ ತೆರೆದುಕೊಂಡಿತ್ತು. ಅವರಿಗೆ ಅಷ್ಟು ನೋವೇ ಇರಲಿಲ್ಲ. ಅದೇ ಹೆಚ್ಚು ಹೆದರಿಸುವ ಸಂಗತಿ, ಏಕೆಂದರೆ ಸಕ್ಕರೆ ಏರಿದ ಕಾಲಿನ ನರಕ್ಕೆ ಜೋಮು ಹಿಡಿಯುತ್ತದೆ. ಡಾಕ್ಟರಮ್ಮ ಸಣ್ಣ ಸಲಾಕೆಯನ್ನು ಗಾಯದೊಳಗೆ ಮೆಲ್ಲಗೆ ಬಿಟ್ಟು ಆಳ ನೋಡಿದರು. ತುದಿಗೆ ಮೂಳೆ ಗಟ್ಟಿಯಾಗಿ ತಾಗಿದರೆ ಕಾಲಿನ ಕಥೆ ಬೇರೆ. "ಮೂಳೆ ಮುಟ್ಟಿಲ್ಲ" ಎಂದರು ಅವರು. "ಕುಯ್ಲು ಮುಗಿಯೋವರೆಗೆ ಕಾದಿದ್ರೆ ಮುಟ್ಟಿರೋದು. ಆಗ ಕಾಲು ಉಳಿಸೋಕೆ ದೊಡ್ಡಾಸ್ಪತ್ರೆಗೇ ಓಡ್ಬೇಕಿತ್ತು."

ನರದಿಂದ ತೆಗೆದ ರಕ್ತವೂ ಬೆರಳಿನ ಸಂಖ್ಯೆಯನ್ನೇ ಹೇಳಿತು. ಇನ್ಸುಲಿನ್ ಶುರುವಾಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಡಾಕ್ಟರಮ್ಮ ಆ ಕೆಲಸ ನನಗೇ ಒಪ್ಪಿಸಿದರು. ಸತ್ತ ಚರ್ಮ ತೆಗೆದ ಮೇಲೆ ಗಾಯವನ್ನು ಸಲೈನಿನಿಂದ ತೊಳೆಯುವುದು, ಕಾಗದದ ಸ್ಕೇಲು ಇಟ್ಟು ಉದ್ದ ಅಗಲ ಅಳೆಯುವುದು, ಫೋಟೋ ತೆಗೆಯುವುದು, ಒದ್ದೆ ಗಾಜ್ ಬಟ್ಟೆ ಇಟ್ಟು ಕಟ್ಟುವುದು. ಹಿಮ್ಮಡಿಯ ಮೇಲೆ ಭಾರ ಬೀಳಬಾರದು ಎಂದಾಗ ಮೇಸ್ತ್ರಿ ಕಂಗಾಲಾದರು. ತೋಟ ಸುತ್ತದ ಮೇಸ್ತ್ರಿ ಎಂಥ ಮೇಸ್ತ್ರಿ? ಮ್ಯಾನೇಜರೇ ಒಂದು ದಾರಿ ಮಾಡಿದರು. ಕಣದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕಾಲಿಗೆ ಒಂದು ಸ್ಟೂಲು ಹಾಕಿಸಿ ಒಣಗುವ ಕಾಫಿಯ ಉಸ್ತುವಾರಿ ಕೊಟ್ಟರು. ಅಲ್ಲಿಂದಲೇ ಸೀಟಿ ಊದುತ್ತಿದ್ದರಂತೆ.

ಜಗಳವಾಡದೆ ಅವರು ಒಪ್ಪಿದ್ದು ಯಾವುದೂ ಇಲ್ಲ. "ಕಾಫಿ ಎಸ್ಟೇಟ್ ಮೇಸ್ತ್ರಿಗೆ ಕಾಫಿ ಬಿಡು ಅಂತೀರಾ?" ಎಂದು ಒಂದು ದಿನ ಕೂಗಾಡಿದರು.

"ಕಾಫಿ ಬೇಡ ಅನ್ನಲ್ಲ ಮೇಸ್ತ್ರೇ, ಬೆಲ್ಲ ಬೇಡ."

"ಬೆಲ್ಲ ಇಲ್ದಿದ್ರೆ ಅದು ಕಾಫಿಯಾ? ಕಷಾಯ!"

"ಕಷಾಯ ಅಂತಾನೇ ಕುಡೀರಿ, ಬೇಗ ಗುಣ ಆಗುತ್ತೆ." ದೊಡ್ಡ ಸಿಸ್ಟರ್ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಹೊರಗೆ ಹೋದರು.

ಆದರೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಮೂರೇ ದಿನದಲ್ಲಿ ಕಲಿತರು. ಹೊತ್ತು ತಪ್ಪಿಸಲಿಲ್ಲ. ಆಳುಗಳಿಗೆ ಒಂದು ನಿಮಿಷ ತಡ ಮಾಡಲು ಬಿಡದವರು ತಮಗೆ ತಾವು ಬಿಡುತ್ತಾರೆಯೇ? ನಡುವೆ ಒಂದು ವಾರ ಗಾಯ ಇದ್ದಲ್ಲೇ ಇತ್ತು, ಒಂದು ಕೂದಲಿನಷ್ಟೂ ಕಿರಿದಾಗಲಿಲ್ಲ. ಆ ವಾರ ನಾನು ಅನ್ನ ನೆಟ್ಟಗೆ ಉಣ್ಣಲಿಲ್ಲ. ಆಮೇಲೆ ತಿಳಿಯಿತು, ಯಾರಿಗೂ ಹೇಳದೆ ಒಂದು ದಿನ ತೋಟದ ಮೇಲಿನ ತುದಿಯವರೆಗೂ ಹೋಗಿ ಬಂದಿದ್ದರು. ನಾನು ಮೊದಲ ಸಲ ಅವರಿಗೆ ಬೈದೆ. ಕಿರಿಯಳು ಹಿರಿಯರಿಗೆ ಬೈಯಬಾರದಷ್ಟು ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, "ಆಯ್ತು ಮಗು, ಕಟ್ಟು" ಎಂದು ಕಾಲು ಚಾಚಿದರು. ಅವತ್ತಿನಿಂದ ಕುರ್ಚಿ ಬಿಟ್ಟು ಏಳಲಿಲ್ಲ.

ಹೂಮಳೆ ಬಿದ್ದು ತೋಟವೆಲ್ಲ ಬಿಳಿ ಹೂವಾಗಿ ಊರು ಘಮಘಮಿಸುತ್ತಿದ್ದ ವಾರ ಅದು. ಡ್ರೆಸ್ಸಿಂಗ್ ಬಿಚ್ಚಿದೆ. ಗಾಜ್ ಬಟ್ಟೆ ಒಣಗಿಯೇ ಇತ್ತು. ಹಿಮ್ಮಡಿಯಲ್ಲಿ ತೆಳ್ಳನೆಯ ಗುಲಾಬಿ ಚರ್ಮ ಈ ಅಂಚಿನಿಂದ ಆ ಅಂಚಿಗೆ ಕೂಡಿಕೊಂಡಿತ್ತು. ಸ್ಕೇಲು ಹಿಡಿದು ಬಗ್ಗಿದವಳು ಹಾಗೇ ಕೂತೆ, ಅಳೆಯಲು ಏನೂ ಇರಲಿಲ್ಲ. ಕಣ್ಣು ಮಂಜಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ.

"ಎಂತಾಯ್ತು ಮಗು? ಮತ್ತೆ ದೊಡ್ಡದಾಯ್ತಾ?" ತಮ್ಮ ಹಿಮ್ಮಡಿಯ ಅಡಿ ಅವರಿಗೆ ಕಾಣುವುದಿಲ್ಲವಲ್ಲ.

ಫೋಟೋ ತೆಗೆದು ಫೋನನ್ನು ಅವರ ಕೈಗೆ ಕೊಟ್ಟೆ. ಎರಡು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದರು. "ಇದು ನನ್ ಕಾಲಾ?" ಎಂದರು. ಹೌದು ಎಂದೆ. ಆ ಫೋಟೋ ಹೆಂಡತಿಗೆ ಕಳಿಸಬೇಕು ಎಂದರು, ಕಳಿಸಿದೆ. ಡಾಕ್ಟರಮ್ಮ ಬಂದು ಒತ್ತಿ ನೋಡಿ, ಮೆತ್ತನೆಯ ಶೂ ಹಾಕಿಕೊಂಡರೆ ತೋಟಕ್ಕೆ ಇಳಿಯಬಹುದು ಎಂದು ಅಪ್ಪಣೆ ಕೊಟ್ಟರು.

ಅವರು ಶೂ ಕಟ್ಟಿಕೊಂಡು ಎದ್ದರು. ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟು ಹೊರಟರು. ಜಗಲಿಯ ಕಂಬ ಹಿಡಿದು ನೋಡುತ್ತಾ ನಿಂತೆ. ಅಂಗಳದಲ್ಲಿ ಎಸ್ಟೇಟಿನ ಜೀಪು ಕಾಯುತ್ತಿತ್ತು. ಡ್ರೈವರ್ ಇಳಿದು ಬಂದು ಕೈ ಚಾಚಿದ. ಮೇಸ್ತ್ರಿ ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ಎಡಗಾಲನ್ನೇ ಮೊದಲು ಮೆಟ್ಟಿಲ ಮೇಲಿಟ್ಟು, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಹತ್ತಿ ಕೂತರು.